ಹುಳು ತಿನ್ನಿಸಿದರೆ ಹಂದಿಮರಿಯ ಭೇದಿ ನಿಲ್ಲುತ್ತದೆಯೇ?

ಪ್ರಶ್ನೆ: ನಾವು ಖಾನಾಪುರ ಕಡೆಯವರು. ಗೋವಾದ ವಾಳಪೈ ಹತ್ತಿರ ಎಂಟು ತಾಯಿಹಂದಿ ಸಾಕಿದ್ದೇವೆ. ತಾಯಿಯ ಹಾಲು ಬಿಡಿಸಿದ ವಾರದೊಳಗೇ ಮರಿಗಳಿಗೆ ಭೇದಿ ಶುರುವಾಗುತ್ತದೆ. ಬ್ಲ್ಯಾಕ್ ಸೋಲ್ಜರ್ ನೊಣದ ಹುಳು ಕೊಟ್ಟರೆ ಕರುಳು ಗಟ್ಟಿಯಾಗುತ್ತದೆ ಎನ್ನುತ್ತಾರೆ, ನಿಜವೇ? ಹೋಟೆಲಿನ ಮುಸುರೆಯಲ್ಲಿ ಆ ಹುಳು ಬೆಳೆಸಬಹುದೇ?

ಉತ್ತರ: ಮೊದಲನೆಯದು ಅರ್ಧ ನಿಜ. ಎರಡನೆಯದಕ್ಕೆ ನನ್ನ ಉತ್ತರ ಬೇಡವೇ ಬೇಡ ಎಂಬುದು.

ಹಾಲು ಕುಡಿಯುವ ಮರಿಯ ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಎಳೆ ಎಳೆಯಾಗಿರುತ್ತದೆ. ಆಹಾರದ ಸಾರವನ್ನು ಹೀರುವುದು ಆ ಎಳೆಗಳೇ. ಹಾಲು ತಪ್ಪಿ, ಮರಿ ಒಂದೆರಡು ದಿನ ಸರಿಯಾಗಿ ತಿನ್ನದೆ ಹೋದರೆ ಅವು ಸವೆದು ಗಿಡ್ಡವಾಗುತ್ತವೆ. ಜಠರದಲ್ಲಿ ಆಮ್ಲವೂ ಇನ್ನೂ ಸಾಕಷ್ಟು ಸುರಿಯುವುದಿಲ್ಲ. ಅದೇ ಹೊತ್ತಿಗೆ ತೊಟ್ಟಿಗೆ ಸೋಯಾ ಹಿಂಡಿ ಬಿದ್ದರೆ ಅರಗದ ಪ್ರೋಟೀನು ಕರುಳಿನಲ್ಲೇ ಕೊಳೆಯುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಬಿಡುತ್ತದೆ, ಮೈಯ ನೀರೆಲ್ಲ ಕರುಳಿಗೆ ಇಳಿಯುತ್ತದೆ. ಬಾಲದ ಬುಡ ಹಳದಿಯಾಗಿ ಒದ್ದೆಯಾಗಿ, ರೋಮ ನಿಮಿರಿ, ಪಕ್ಕೆ ಒಳಕ್ಕೆ ಎಳೆದುಕೊಂಡು ಮೂಲೆಯಲ್ಲಿ ಒಂದರ ಮೇಲೊಂದು ಮಲಗಿದ ಮರಿಗಳನ್ನು ನೀವು ನೋಡಿಯೇ ಇರುತ್ತೀರಿ.

ಈ ಹುಳುವಿನ ಒಣತೂಕದಲ್ಲಿ ಸುಮಾರು ಶೇಕಡ 40 ಪ್ರೋಟೀನು, ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಕೊಬ್ಬು ಇರುತ್ತದೆ. ಮರಿಯ ಬೆಳವಣಿಗೆಗೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಚೆನ್ನಾಗಿದೆ. ಎಳೆಯ ಕರುಳನ್ನು ಕೆರಳಿಸುವ ಸೋಯಾದ ಪ್ರೋಟೀನುಗಳು ಇದರಲ್ಲಿಲ್ಲ. ಕೊಬ್ಬಿನಲ್ಲಿ ದೊಡ್ಡ ಪಾಲು ಲಾರಿಕ್ ಆಮ್ಲ, ನಮ್ಮ ತೆಂಗಿನೆಣ್ಣೆಯಲ್ಲಿರುವುದೂ ಅದೇ. ‘ಕರುಳು ಗಟ್ಟಿ’ ಎಂಬ ಮಾತು ಹುಟ್ಟಿದ್ದು ಹೆಚ್ಚಾಗಿ ಇದರಿಂದ. ಲಾರಿಕ್ ಆಮ್ಲವು ಸ್ಟ್ರೆಪ್ಟೊಕಾಕಸ್, ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳ ಪೊರೆಯನ್ನು ಒಡೆಯುತ್ತದೆ. ಆದರೆ ಇ. ಕೋಲೈಗೆ ಮೇಲೊಂದು ಹೊರಪೊರೆ ಇದೆ, ಅದರ ಮುಂದೆ ಈ ಆಮ್ಲದ ಆಟ ಅಷ್ಟಾಗಿ ನಡೆಯುವುದಿಲ್ಲ. ಹಾಲು ಬಿಡಿಸಿದ ವಾರದ ಭೇದಿಗೆ ಬಹಳ ಸಲ ಕಾರಣ ಈ ಇ. ಕೋಲೈಯೇ. ಆದ್ದರಿಂದ ಹುಳುವನ್ನು ಒಳ್ಳೆಯ ಆಹಾರವೆಂದು ಕೊಡಿ, ಔಷಧವೆಂದು ನಂಬಿ ಕೂರಬೇಡಿ.

ಹುಳುವಿನ ಸಿಪ್ಪೆಯಲ್ಲಿರುವ ಕೈಟಿನ್ ಸಿಗಡಿಯ ಸಿಪ್ಪೆಯಲ್ಲೂ ಇದೆ. ಹಂದಿಯ ಜಠರದಲ್ಲಿ ಅದನ್ನು ಒಡೆಯುವ ಕಿಣ್ವವಿದೆ, ಹಾಗಾಗಿ ಹೆದರಬೇಕಿಲ್ಲ. ಮೋಸ ಹೋಗುವುದು ಲೆಕ್ಕದಲ್ಲಿ. ಪ್ರಯೋಗಾಲಯದಲ್ಲಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನು ಎನ್ನುತ್ತಾರೆ. ಕೈಟಿನ್‌ನಲ್ಲೂ ಸಾರಜನಕವಿರುವುದರಿಂದ ಇಡೀ ಹುಳುವಿಗೆ 4.76 ಹೆಚ್ಚು ಸರಿ. ಚೀಲದ ಮೇಲೆ ಶೇಕಡ 50 ಎಂದಿದ್ದರೆ ನಿಮಗೆ ಸಿಗುವುದು ಸುಮಾರು 38. ಯಾವ ಸಂಖ್ಯೆಯಿಂದ ಗುಣಿಸಿದ್ದಾರೆ ಎಂದು ಕೊಳ್ಳುವ ಮುಂಚೆ ಕೇಳಿ.

ಇನ್ನೊಂದು ಸಂಗತಿಯನ್ನು ಯಾರೂ ಒತ್ತಿ ಹೇಳುವುದಿಲ್ಲ, ನನಗೆ ಬೇಸರವಿರುವುದೂ ಅದಕ್ಕೇ. ಹುಳು ಬೆಳೆದು ಕಪ್ಪಾದಾಗ ಅದರ ಚರ್ಮದಲ್ಲಿ ಸುಣ್ಣದ ಅಂಶ ತುಂಬಿಕೊಳ್ಳುತ್ತದೆ. ಮರಿಯ ಜಠರದಲ್ಲಿರುವ ಅಷ್ಟಿಷ್ಟು ಆಮ್ಲವನ್ನೂ ಆ ಸುಣ್ಣ ನುಂಗಿಬಿಡುತ್ತದೆ. ಹಾಗಾಗಿ ಕೆನೆಬಣ್ಣದಲ್ಲಿರುವಾಗಲೇ ಹುಳುವನ್ನು ಸೋಸಿ ತೆಗೆಯಿರಿ. ಕಪ್ಪಾಗಿ ಡಬ್ಬದ ಗೋಡೆ ಹತ್ತುವುದನ್ನು ದೊಡ್ಡ ಹಂದಿಗೆ ಹಾಕಿ.

ಈಗ ಮುಸುರೆಯ ಮಾತು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳ ಮೂಲಕ ನಮ್ಮ ದೇಶಕ್ಕೆ ಬಂತು. ಅದಕ್ಕೆ ಔಷಧವಿಲ್ಲ. ಉಪ್ಪು ಹಚ್ಚಿ ಒಣಗಿಸಿದ ಹಂದಿಮಾಂಸದಲ್ಲೂ ಅದರ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಗೋವಾದ ಹೋಟೆಲಿನ ಬಕೆಟ್ಟಿನಲ್ಲಿ ಶೊರೀಸಿನ, ಅಂದರೆ ಗೋವಾದ ಹಂದಿಮಾಂಸದ ಸಾಸೇಜಿನ, ತುಂಡು ಇಲ್ಲದ ದಿನ ಯಾವುದು? ಯುರೋಪ್ 2021ರಲ್ಲಿ ಕೀಟದ ಪ್ರೋಟೀನನ್ನು ಹಂದಿಗೆ ಕೊಡಲು ಅನುಮತಿಸಿತು. ಆದರೆ ಆ ಹುಳುವಿಗೆ ಅಡುಗೆಮನೆಯ ಎಂಜಲಾಗಲಿ ಸಗಣಿಯಾಗಲಿ ಹಾಕಬಾರದೆಂಬ ನಿಯಮ ಅಲ್ಲಿದೆ. ನಮ್ಮಲ್ಲೂ ಅಷ್ಟೇ ಕಟ್ಟುನಿಟ್ಟು ಬೇಕು. ಬ್ಯಾಟರಿ, ಬಣ್ಣದ ಡಬ್ಬ ಸೇರಿದ ಕಸವಂತೂ ಬೇಡ, ಈ ಹುಳು ಕ್ಯಾಡ್ಮಿಯಂ ಎಂಬ ವಿಷಲೋಹವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ.

ನಿಮ್ಮ ಸತ್ತರಿ ತಾಲ್ಲೂಕಿನಲ್ಲಿ ಗೇರುಹಣ್ಣಿಗೆ ಬರವೇ? ಬೇಸಿಗೆಯಲ್ಲಿ ಫೆನಿಗೆ ರಸ ಹಿಂಡಿದ ಮೇಲೆ ಉಳಿಯುವ ಹಿಪ್ಪೆಗೆ ಅಕ್ಕಿ ತೌಡು ಬೆರೆಸಿ ಹುಳುವಿಗೆ ಹಾಕಿ ನೋಡಿ. ಉಳಿದ ತಿಂಗಳು ಹಣ್ಣು ತರಕಾರಿಯ ಸಿಪ್ಪೆ ಸಾಕು. ತೆಗೆದ ಹುಳುವನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ಗರಿಗರಿಯಾಗುವಂತೆ ಒಣಗಿಸಿ ಪುಡಿ ಮಾಡಿ. ಮಳೆಗಾಲದಲ್ಲಿ ಅದರ ಕೊಬ್ಬು ಬೇಗ ಕಮಟು ಹಿಡಿಯುತ್ತದೆ, ಕಮಟು ಬಂದದ್ದನ್ನು ಮರಿಗೆ ಹಾಕಬೇಡಿ. 100 ಕಿಲೋ ಆಹಾರಕ್ಕೆ 5 ಕಿಲೋ ಪುಡಿಯಿಂದ ಶುರು ಮಾಡಿ, ಅಷ್ಟು ಸೋಯಾ ಹಿಂಡಿಯನ್ನೋ ಮೀನಿನ ಪುಡಿಯನ್ನೋ ಇಳಿಸಿ.

ಆರು ವಾರ ತುಂಬುವ ಮೊದಲು ಹಾಲು ಬಿಡಿಸಬೇಡಿ. ಎರಡನೇ ವಾರದಿಂದಲೇ ಮರಿಗಳ ಮುಂದೆ ಒಂದು ಹಿಡಿ ಒಣ ಆಹಾರ ಇಟ್ಟು ರುಚಿ ಹತ್ತಿಸಿ. ಬಿಡಿಸುವ ದಿನ ತಾಯಿಯನ್ನು ಬೇರೆ ಕಡೆ ಹೊಡೆದುಕೊಂಡು ಹೋಗಿ, ಮರಿಗಳು ಪರಿಚಯದ ಜಾಗದಲ್ಲೇ ಒಣಹುಲ್ಲಿನ ಮೇಲೆ ಇರಲಿ. ಭೇದಿ ಕಂಡರೆ ಅಂಗಡಿಯಿಂದ ಆಂಟಿಬಯೋಟಿಕ್ ತರುವ ರೂಢಿ ಬಿಡಿ. ಹಿಂದೆ ಇದಕ್ಕೆ ಧಾರಾಳವಾಗಿ ಸುರಿಯುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ತಯಾರಿಸಿ ಮಾರುವುದನ್ನು ಸರ್ಕಾರ 2019ರಲ್ಲಿ ನಿಷೇಧಿಸಿದೆ. ಮರಿಗೆ ಮೊದಲು ಬೇಕಾದದ್ದು ಓಆರ್‌ಎಸ್ ನೀರು.

ಹುಳುವಿನ ಪುಡಿ ಶುರು ಮಾಡಿದ ಮೇಲೆ ಹತ್ತು ದಿನ, ಬೆಳಿಗ್ಗೆ ಮೇವಿಗೆ ಮುಂಚೆ ಪ್ರತಿ ಮರಿಯ ಬಾಲ ಎತ್ತಿ ನೋಡಿ. ಎರಡನೇ ಬೆಳಿಗ್ಗೆಯೂ ಒದ್ದೆಯಿದ್ದರೆ ಪುಡಿಯ ಪ್ರಮಾಣ ಹೆಚ್ಚಿಸಬೇಡಿ. ಶುಚಿಯಾದ ಡಬ್ಬಿಯಲ್ಲಿ ಮಲದ ಮಾದರಿ ಹಿಡಿದು ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ.