ಮಾಲೀಕರ ಧರ್ಮ, ನೌಕರರ ಇನ್ಶೂರೆನ್ಸ್

ಅಮೆರಿಕದ ಕಂಪನಿಗಳು ನೌಕರರಿಗೆ ಕೊಡುವ ಆರೋಗ್ಯ ವಿಮೆಯ ಪ್ಲಾನ್‌ಗಳನ್ನು ಓದುವುದು, ಬಿಡಿಸಿ ಹೇಳುವುದು ನನ್ನ ಕೆಲಸ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಹೆಣ್ಣುಮಕ್ಕಳು ಸ್ವಲ್ಪ ಸಂಕೋಚದಿಂದಲೇ ಕೇಳುವ ಪ್ರಶ್ನೆ ಒಂದಿದೆ. "ಮಕ್ಕಳಾಗದ ಹಾಗೆ ತಗೊಳ್ಳೋ ಗುಳಿಗೆ ಇಲ್ಲಿ ಫ್ರೀ ಅಂತಾರಲ್ಲ, ನಮಗ್ಯಾಕೆ ದುಡ್ಡು ಕೇಳಿದ್ರು?" ಹೆಚ್ಚಿನ ಸಲ ಕಾರಣ ತೀರಾ ಸಾದಾ. ಜನರಿಕ್ ಬಿಟ್ಟು ಬ್ರ್ಯಾಂಡ್ ಗುಳಿಗೆ ಬರೆಸಿಕೊಂಡಿರುತ್ತಾರೆ, ಇಲ್ಲವೇ ನೆಟ್‌ವರ್ಕ್‌ನಲ್ಲಿ ಇಲ್ಲದ ಫಾರ್ಮಸಿಗೆ ಹೋಗಿರುತ್ತಾರೆ. ಅಪರೂಪಕ್ಕೆ ಮಾತ್ರ ಕಾರಣ ಮಾಲೀಕರ ಧರ್ಮವಾಗಿರುತ್ತದೆ. ಅಂಥ ಸಂದರ್ಭದಲ್ಲಿ ಯಾರನ್ನು ಕೇಳಬೇಕು ಅನ್ನುವುದೇ ಜನರಿಗೆ ಗೊತ್ತಾಗುವುದಿಲ್ಲ.

ಊರಿನವರಿಗೆ ಈ ಜಗಳವೇ ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದರೆ ವಂಕಿ (ಗರ್ಭಕೋಶದೊಳಗೆ ಕೂರಿಸುವ ಕಾಪರ್-ಟಿಯಂಥ ಸಾಧನ) ಪುಕ್ಕಟೆ ಹಾಕುತ್ತಾರೆ, ಮಾಲಾ-ಎನ್ ಗುಳಿಗೆ ಪುಕ್ಕಟೆ ಕೊಡುತ್ತಾರೆ. ಮೈಸೂರು ಸರ್ಕಾರವಂತೂ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಹೊರಟಿತ್ತು. ಈ ವಿಷಯದಲ್ಲಿ ಖಾಸಗಿ ವಿಮೆಯನ್ನು ಅಲ್ಲಿ ಯಾರೂ ನೆಚ್ಚಿಕೊಂಡಿಲ್ಲ. ಭಾರತದ ಆರೋಗ್ಯ ಪಾಲಿಸಿಗಳಲ್ಲಿ ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿ ಇರುತ್ತದಲ್ಲ, ಅದರ 17ನೇ ಕೋಡ್ ತೆಗೆದು ನೋಡಿ. ಗರ್ಭನಿರೋಧಕ, ಸಂತಾನಹರಣ ಚಿಕಿತ್ಸೆ ಎರಡೂ ಹೊರಗಿವೆ. ಅದಕ್ಕಾಗಿ ಯಾರೂ ಕೋರ್ಟಿಗೆ ಹೋಗಿದ್ದನ್ನು ನಾನು ಕೇಳಿಲ್ಲ.

ಅಮೆರಿಕದಲ್ಲಿ ಕಥೆ ಬೇರೆ. ಇಲ್ಲಿ 15 ಕೋಟಿಗೂ ಜಾಸ್ತಿ ಜನರಿಗೆ ಆರೋಗ್ಯ ವಿಮೆ ಬರುವುದು ಕೆಲಸದ ಮೂಲಕ, ಅವರದ್ದೇ ಆಗಲಿ ಮನೆಯವರದ್ದೇ ಆಗಲಿ. ಹಾಗಾಗಿ ಮಾಲೀಕರು ಏನನ್ನು ಒಪ್ಪುತ್ತಾರೆ, ಏನನ್ನು ಒಪ್ಪುವುದಿಲ್ಲ ಅನ್ನುವುದು ನೌಕರರ ಮಲಗುವ ಕೋಣೆಯವರೆಗೂ ಬರುತ್ತದೆ. 1998ರಲ್ಲಿ ವಯಾಗ್ರ ಬಂದಾಗ ಎಷ್ಟೋ ಪ್ಲಾನ್‌ಗಳು ಅದಕ್ಕೆ ತಕರಾರಿಲ್ಲದೆ ದುಡ್ಡು ಕೊಟ್ಟವು. ಹೆಂಗಸರ ಗುಳಿಗೆಗೆ ಮಾತ್ರ ಕೊಡುತ್ತಿರಲಿಲ್ಲ. ಆಗ ಎದ್ದ ಸಿಟ್ಟಿಗೂ ಮುಂದೆ ಬಂದ ಕಾನೂನಿಗೂ ನಂಟಿದೆ. ಬೇರೆ ಮುನ್ನೆಚ್ಚರಿಕೆಯ ಔಷಧಿಗಳಿಗೆಲ್ಲ ದುಡ್ಡು ಕೊಟ್ಟು ಇದೊಂದನ್ನು ಹೊರಗಿಡುವುದು ಹೆಂಗಸರಿಗೆ ಮಾಡುವ ತಾರತಮ್ಯ ಎಂದು 2000ದ ಡಿಸೆಂಬರ್‌ನಲ್ಲಿ ಉದ್ಯೋಗ ತಾರತಮ್ಯದ ದೂರು ನೋಡುವ ಫೆಡರಲ್ ಆಯೋಗ ಹೇಳಿತು. 2010ರಲ್ಲಿ ಒಬಾಮಾ ಕಾಲದ ಆರೋಗ್ಯ ಕಾನೂನು ಬಂತು. ಅದರ ಕೆಳಗೆ 2011ರ ಆಗಸ್ಟ್‌ನಲ್ಲಿ ಹೊರಟ ಪಟ್ಟಿಯಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಫೆಡರಲ್ ಸಂಸ್ಥೆ ಎಫ್‌ಡಿಎ ಒಪ್ಪಿದ ಹೆಂಗಸರ ಗರ್ಭನಿರೋಧಕಗಳೆಲ್ಲ ಸೇರಿದವು. ಕೋ-ಪೇ (ಪ್ರತಿ ಸಲ ಕೈಯಿಂದ ಕೊಡುವ ಪಾಲು) ಇಲ್ಲ, ಡಿಡಕ್ಟಿಬಲ್ (ವಿಮೆ ದುಡ್ಡು ಕೊಡಲು ಶುರು ಮಾಡುವ ಮೊದಲು ನಾವೇ ಭರಿಸುವ ಮೊತ್ತ) ಇಲ್ಲ. ಚರ್ಚುಗಳಿಗೆ ಮಾತ್ರ ವಿನಾಯಿತಿ.

ಅಲ್ಲಿಂದ ಶುರುವಾಯಿತು ನೋಡಿ ಕೋರ್ಟು ಕಚೇರಿ ಓಡಾಟ.

ಹಾಬಿ ಲಾಬಿ ಹೆಸರು ಇಲ್ಲಿನ ಕನ್ನಡದವರಿಗೆ ಹೊಸದಲ್ಲ. ದಸರಾ ಗೊಂಬೆ ಕೂರಿಸುವವರು ಅಲಂಕಾರದ ಸಾಮಾನಿಗೆ ಸುತ್ತುವ ಅಂಗಡಿ. ಮಾಲೀಕರಾದ ಒಕ್ಲಹೋಮಾದ ಗ್ರೀನ್ ಕುಟುಂಬ ಇವ್ಯಾಂಜೆಲಿಕಲ್ ಕ್ರೈಸ್ತರು. ಭಾನುವಾರ ಅಂಗಡಿ ತೆಗೆಯುವುದಿಲ್ಲ. ಆಗ ಅವರ ಹತ್ತಿರ ಸುಮಾರು 13,000 ನೌಕರರಿದ್ದರು. ಅವರು ಎಲ್ಲ ಗರ್ಭನಿರೋಧಕವನ್ನೂ ವಿರೋಧಿಸಿದರು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಪಟ್ಟಿಯಲ್ಲಿದ್ದ 20 ವಿಧಾನಗಳಲ್ಲಿ 16ಕ್ಕೆ ಅವರ ತಕರಾರೇ ಇರಲಿಲ್ಲ. ತಕರಾರು ಇದ್ದದ್ದು ನಾಲ್ಕಕ್ಕೆ: 'ಪ್ಲಾನ್ ಬಿ' ಮತ್ತು 'ಎಲ್ಲಾ' (ella) ಅನ್ನುವ ಹೆಸರಿನ ಎರಡು ತುರ್ತು ಗುಳಿಗೆಗಳು, ಜೊತೆಗೆ ಎರಡು ಬಗೆಯ ವಂಕಿ. ಫಲವಾದ ಅಂಡ ಗರ್ಭಕೋಶಕ್ಕೆ ಅಂಟದ ಹಾಗೆ ಇವು ತಡೆಯುತ್ತವೆ, ಅದು ಗರ್ಭಪಾತವೇ ಅನ್ನುವುದು ಅವರ ನಂಬಿಕೆ. ತಮಾಷೆ ಅಂದರೆ, ಕಾನೂನಿನ ಗಲಾಟೆ ಎದ್ದ ಮೇಲೆ ತಮ್ಮ ಪ್ಲಾನ್ ತೆಗೆದು ನೋಡಿದರೆ ಈ ಎರಡೂ ತುರ್ತು ಗುಳಿಗೆಗಳು ಮೊದಲಿಂದಲೂ ಅದರಲ್ಲೇ ಇದ್ದವು. ಯಾರೂ ಗಮನಿಸಿರಲಿಲ್ಲ. ನನ್ನ ವೃತ್ತಿಯವರಿಗೆ ಇದು ಆಶ್ಚರ್ಯದ ವಿಷಯ ಅಲ್ಲ. ತಮ್ಮ ಪ್ಲಾನನ್ನು ಪೂರ್ತಿ ಓದಿದ ಮಾಲೀಕರು ನನಗೆ ಸಿಗುವುದು ಅಪರೂಪ.

ಕಾನೂನು ಪಾಲಿಸದಿದ್ದರೆ ಒಬ್ಬೊಬ್ಬರ ಲೆಕ್ಕದಲ್ಲಿ ದಿನಕ್ಕೆ 100 ಡಾಲರ್ ದಂಡ. ಹಾಬಿ ಲಾಬಿಗೆ ಅದು ವರ್ಷಕ್ಕೆ 47.5 ಕೋಟಿ ಡಾಲರ್ ಆಗುತ್ತಿತ್ತು. 2014ರ ಜೂನ್ 30ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ಕಂಪನಿಯ ಪರ ತೀರ್ಪು ಕೊಟ್ಟಿತು. ಆಧಾರ 1993ರ ಧಾರ್ಮಿಕ ಸ್ವಾತಂತ್ರ್ಯ ಕಾನೂನು. ಆ ಕಾನೂನು ಹುಟ್ಟಿದ್ದೇ ಪೆಯೋಟಿ ಅನ್ನುವ ಅಮಲಿನ ಕಳ್ಳಿಯನ್ನು ಪೂಜೆಯಲ್ಲಿ ಸೇವಿಸಿ ಕೆಲಸ ಕಳೆದುಕೊಂಡ ಇಬ್ಬರ ಕೇಸಿನಿಂದ. ಅವರಿಗೆ ಸಿಗದ ನ್ಯಾಯ ಮುಂದಿನವರಿಗೆ ಸಿಗಲಿ ಎಂದು ಮಾಡಿದ ಕಾನೂನು ಕೊನೆಗೆ ದೊಡ್ಡ ಕಂಪನಿಯ ಕೈ ಹಿಡಿಯಿತು.

ತೀರ್ಪಿನಲ್ಲಿ ಜನ ಸರಿಯಾಗಿ ಹಿಡಿಯದ ಒಂದು ಅಂಶ ಇದೆ. ಗ್ರೀನ್ ಕುಟುಂಬದ ನಂಬಿಕೆ ವೈದ್ಯಕೀಯವಾಗಿ ಸರಿಯೇ ಎಂದು ಕೋರ್ಟ್ ನೋಡಲೇ ಇಲ್ಲ. ನಂಬಿಕೆ ಪ್ರಾಮಾಣಿಕವಾದದ್ದೇ ಎಂದಷ್ಟೇ ನೋಡಿತು. ಪ್ಲಾನ್ ಬಿ ಕೆಲಸ ಮಾಡುವುದು ಅಂಡ ಬಿಡುಗಡೆ ಆಗದ ಹಾಗೆ ತಡೆದು ಅಥವಾ ತಡಮಾಡಿ ಎಂದು 2022ರಲ್ಲಿ ಎಫ್‌ಡಿಎ ಅದರ ಲೇಬಲ್ಲನ್ನೇ ತಿದ್ದಿತು. ಅದರಿಂದ ಕಾನೂನಿನ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ಹಾಗಾಗಿ "ಡಾಕ್ಟರ್ ಹತ್ತಿರ ಲೆಟರ್ ಬರೆಸಿ ಎಚ್‌ಆರ್‌ಗೆ ಕೊಟ್ಟು ಒಪ್ಪಿಸಬಹುದಾ?" ಎಂದು ಕೇಳುವವರಿಗೆ ನಾನು ಸುಮ್ನೆ ಸಮಯ ಹಾಳು ಅನ್ನುತ್ತೇನೆ.

ಧಾರ್ಮಿಕ ಸಂಸ್ಥೆಗಳಿಗೆ 2013ರಲ್ಲೇ ಸರ್ಕಾರ ಒಂದು ನಡುದಾರಿ ಮಾಡಿತ್ತು. ನಮಗೆ ಒಪ್ಪಿಗೆ ಇಲ್ಲ ಎಂದು ಒಂದು ಫಾರಂಗೆ ಸಹಿ ಹಾಕಿದರೆ ಸಾಕು. ಆಮೇಲೆ ಇನ್ಶೂರೆನ್ಸ್ ಕಂಪನಿಯೇ ಬೇರೆ ಲೆಕ್ಕದಲ್ಲಿ ನೌಕರರಿಗೆ ಗರ್ಭನಿರೋಧಕ ಕೊಡುತ್ತದೆ. ಬಡ ವೃದ್ಧರನ್ನು ನೋಡಿಕೊಳ್ಳುವ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ನನ್‌ಗಳು ಆ ಸಹಿಯನ್ನೂ ಒಲ್ಲೆ ಅಂದರು. ಕ್ಯಾಥೊಲಿಕ್ ಬೋಧನೆಯಲ್ಲಿ ಗರ್ಭನಿರೋಧಕವೇ ಪಾಪ, ಸಹಿ ಹಾಕಿದರೆ ಆ ಪಾಪದಲ್ಲಿ ಪಾಲು ಎನ್ನುವುದು ಅವರ ವಾದ. ಇದರಲ್ಲಿ ನಮ್ಮಂಥವರಿಗೆ ಮಾತ್ರ ಕಾಣುವ ಒಂದು ಸಂಗತಿ ಇತ್ತು. ಅವರದ್ದು ಚರ್ಚ್ ಪ್ಲಾನ್, ಅಂದರೆ ಚರ್ಚಿಗೆ ಸೇರಿದ ಸಂಸ್ಥೆಗಳ ವಿಮೆ. ಅದನ್ನು ನಡೆಸುತ್ತಿದ್ದ ಸಂಸ್ಥೆಯೂ ಕ್ಯಾಥೊಲಿಕ್. ಅಂಥ ಪ್ಲಾನ್ ನಡೆಸುವವರನ್ನು ಒತ್ತಾಯಿಸುವ ಅಧಿಕಾರ ಸರ್ಕಾರಕ್ಕೆ ಇರಲಿಲ್ಲ. ಅಂದರೆ ನನ್‌ಗಳು ಸಹಿ ಹಾಕಿದ್ದರೂ ಅವರ ನೌಕರರಿಗೆ ಒಂದು ಗುಳಿಗೆಯೂ ಸಿಗುವ ಖಾತ್ರಿ ಇರಲಿಲ್ಲ! ವರ್ಷಗಟ್ಟಲೆ ನಡೆದ ಜಗಳದ ಆ ಮೂಲೆಯಲ್ಲಿ ಇದ್ದದ್ದು ಒಂದು ಸಹಿ ಅಷ್ಟೇ. ಆದರೂ ಅವರದ್ದು ನಾಟಕ ಎಂದು ನಾನು ಹೇಳುವುದಿಲ್ಲ. ನಂಬಿದವರಿಗೆ ಸಹಿ ಸಣ್ಣದಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2016ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಕೊಡದೆ ಸರ್ಕಾರ, ಧಾರ್ಮಿಕ ಸಂಸ್ಥೆಗಳು ಇಬ್ಬರನ್ನೂ ಮಾತಾಡಿಕೊಳ್ಳಿ ಎಂದು ವಾಪಸ್ ಕಳಿಸಿತು. 2017ರಲ್ಲಿ ಟ್ರಂಪ್ ಸರ್ಕಾರ ವಿನಾಯಿತಿಯನ್ನು ಹಿಗ್ಗಿಸಿ, ಧರ್ಮದ ಅಥವಾ ನೈತಿಕ ಕಾರಣ ಇರುವ ಮಾಲೀಕರು ಪೂರ್ತಿ ಹೊರಗುಳಿಯಬಹುದು ಅಂದಿತು. ನಡುದಾರಿ ಬೇಕಿದ್ದರೆ ಹಿಡಿಯಬಹುದು, ಕಡ್ಡಾಯ ಇಲ್ಲ. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಇಂಥ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆ ಅಂದಿತು. ಸರ್ಕಾರದ್ದೇ ಅಂದಾಜಿನಂತೆ 70,500ರಿಂದ 1,26,400 ಹೆಂಗಸರಿಗೆ ಸೌಲಭ್ಯ ತಪ್ಪಬಹುದಿತ್ತು. 2025ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಫೆಡರಲ್ ಜಡ್ಜ್ ಒಬ್ಬರು ಆ ನಿಯಮಗಳನ್ನು ರದ್ದು ಮಾಡಿದರು, ನನ್‌ಗಳು ಮೇಲ್ಮನವಿ ಹಾಕಿಕೊಂಡರು. ಇದರ ನಡುವೆ ಹಲವು ಧಾರ್ಮಿಕ ಸಂಸ್ಥೆಗಳ ಕೈಯಲ್ಲಿ ತಮ್ಮದೇ ಹೆಸರಿಗೆ ವಿನಾಯಿತಿ ಕೊಟ್ಟ ಕೋರ್ಟ್ ಆದೇಶಗಳೂ ಇವೆ. ಪೇಪರಿನಲ್ಲಿ ಬಂದ ತೀರ್ಪು ಓದಿ ನಿಮ್ಮ ಪ್ಲಾನ್ ಹೀಗೇ ಇರಬೇಕು ಎಂದು ಊಹಿಸಬೇಡಿ.

ಹಾಗಾದರೆ ಏನು ನೋಡಬೇಕು? ಮೊದಲು ಕೇಳಬೇಕಾದದ್ದು ಮಾಲೀಕರ ಧರ್ಮ ಯಾವುದು ಎಂದಲ್ಲ, ಕ್ಲೈಮಿನ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಎಂದು. ಕಾರ್ಡಿನ ಮೇಲೆ ದೊಡ್ಡ ಇನ್ಶೂರೆನ್ಸ್ ಕಂಪನಿಯ ಹೆಸರು ಇದ್ದರೆ ದುಡ್ಡು ಅವರದ್ದೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲಸದ ಮೂಲಕ ವಿಮೆ ಇರುವ ಮೂವರಲ್ಲಿ ಸುಮಾರು ಇಬ್ಬರಿಗೆ ಅದು ನಿಜವಲ್ಲ. ದುಡ್ಡು ಕಂಪನಿಯದ್ದು, ಇನ್ಶೂರೆನ್ಸ್‌ನವರು ಬರೀ ಲೆಕ್ಕ ನೋಡಿಕೊಳ್ಳುತ್ತಾರೆ. ಇದಕ್ಕೆ ಸೆಲ್ಫ್-ಫಂಡೆಡ್ ಪ್ಲಾನ್ ಅಂತಾರೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಗರ್ಭನಿರೋಧಕಕ್ಕೆ ದುಡ್ಡು ಕೊಡಲೇಬೇಕು ಎಂದು ಕಾನೂನು ಮಾಡಿವೆ. ಆದರೆ 1974ರ ಎರಿಸಾ ಅನ್ನುವ ಫೆಡರಲ್ ಕಾನೂನಿನಿಂದಾಗಿ ಸೆಲ್ಫ್-ಫಂಡೆಡ್ ಪ್ಲಾನ್‌ಗೆ ರಾಜ್ಯದ ವಿಮಾ ಕಾನೂನು ತಗಲುವುದಿಲ್ಲ. ಒಂದೇ ಬೀದಿಯಲ್ಲಿರುವ ಎರಡು ಮನೆಗಳಿಗೆ ಎರಡು ಥರ ಆಗುವುದು ಹೀಗೆ.

ಎಚ್-1ಬಿ ಕೆಲಸದ ವೀಸಾ ಮೇಲೆ ಕನ್ಸಲ್ಟಿಂಗ್ ಕಂಪನಿಯಿಂದ ಕ್ಯಾಥೊಲಿಕ್ ಆಸ್ಪತ್ರೆಯ ಐಟಿ ಕೆಲಸಕ್ಕೆ ಹೋಗುವವರು ಹೆದರಬೇಕಾಗಿಲ್ಲ. ನಿಮಗೆ ಸಂಬಳ ಕೊಡುವವರು ಕನ್ಸಲ್ಟಿಂಗ್ ಕಂಪನಿ, ಪ್ಲಾನೂ ಅವರದ್ದೇ. ಅದೇ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುವ ಡಾಕ್ಟರ್, ಕೆಲಸಕ್ಕೆ ಸೇರಿದ ನರ್ಸ್ ಆಸ್ಪತ್ರೆಯ ಪ್ಲಾನ್‌ನಲ್ಲಿ ಇರುತ್ತಾರೆ.

ದಾವಣಗೆರೆ ಕಡೆಯ ಒಬ್ಬ ಡಾಕ್ಟರ್ ಹುಡುಗಿ ಅಂಥ ಒಂದು ಆಸ್ಪತ್ರೆಯಲ್ಲಿ ರೆಸಿಡೆಂಟ್ ಆಗಿದ್ದಳು. ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆಗೆ ಕಾಲೇಜಿನಿಂದಲೂ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಫಾರ್ಮಸಿಯ ಕೌಂಟರಿನಲ್ಲಿ ಈ ಔಷಧಿ ನಿಮ್ಮ ಪ್ಲಾನ್‌ನಲ್ಲಿ ಇಲ್ಲ ಅಂದುಬಿಟ್ಟರು. "ಅಕ್ಕ, ನಾನೇ ಡಾಕ್ಟ್ರು, ನನಗೇ ಏನೂ ತಿಳೀಲಿಲ್ಲ" ಎಂದು ಫೋನ್ ಮಾಡಿದಳು. ಎಚ್‌ಆರ್ ಹತ್ತಿರ ಎಸ್‌ಪಿಡಿ ತರಿಸು ಅಂದೆ. ಎಸ್‌ಪಿಡಿ ಅಂದರೆ ಪ್ಲಾನಿನ ಪೂರ್ತಿ ವಿವರದ ಪುಸ್ತಕ. ಸೇರುವಾಗ ಕೊಡುವ ಎಂಟು ಪುಟದ ಸಾರಾಂಶದಲ್ಲಿ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಎಸ್‌ಪಿಡಿಯಲ್ಲಿ ಹೊರಗಿಟ್ಟವುಗಳ ಅಧ್ಯಾಯದಲ್ಲಿ ಒಂದೇ ಸಾಲು: ಗರ್ಭನಿರೋಧಕ ಔಷಧಿಗೆ ದುಡ್ಡು ಇಲ್ಲ, ಬೇರೆ ಕಾಯಿಲೆಗೆ ಬರೆದುಕೊಟ್ಟಿದ್ದರೆ ಇದೆ. ಅವಳ ಕ್ಲಿನಿಕ್‌ನವರು ಅನುಮತಿಯ ಫಾರಂನಲ್ಲಿ ಅಭ್ಯಾಸಬಲದಿಂದ ಝಡ್30.41 ಎಂದು ಹಾಕಿದ್ದರು. ಅದು ಗರ್ಭ ತಡೆಯುವ ಗುಳಿಗೆಯ ಕೋಡ್. ಅವಳ ಕಾಯಿಲೆಯ ಕೋಡ್ ಇ28.2. ಸರಿಯಾದ ಕೋಡ್ ಹಾಕಿ ಮತ್ತೆ ಕಳಿಸಿದ ಮೇಲೆ ಒಪ್ಪಿಗೆ ಬಂತು. ಕಾಯಿಲೆ ನಿಜವಾಗಿ ಇದ್ದರೆ ಮಾತ್ರ ಈ ದಾರಿ. ಇಲ್ಲದ ಕಾಯಿಲೆ ಬರೆಸುವುದು ಮೋಸ, ವೀಸಾ ಮೇಲಿರುವವರಿಗಂತೂ ಅದರ ಸಹವಾಸವೇ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಇದು ಮಾಲೀಕರ ದುಡ್ಡು ಅನ್ನುವ ಮಾತನ್ನೇ ನಾನು ಪೂರ್ತಿ ಒಪ್ಪುವುದಿಲ್ಲ. 2024ರಲ್ಲಿ ಕೆಲಸದ ಮೂಲಕ ಸಿಗುವ ಫ್ಯಾಮಿಲಿ ಪ್ಲಾನಿನ ಸರಾಸರಿ ಪ್ರೀಮಿಯಂ ವರ್ಷಕ್ಕೆ 25,572 ಡಾಲರ್. ಅದರಲ್ಲಿ 6,296 ಡಾಲರ್ ನೌಕರರ ಸಂಬಳದಿಂದ ನೇರವಾಗಿ ಹೋಗುತ್ತದೆ. ಉಳಿದದ್ದನ್ನೂ ಕಂಪನಿಗಳು ಸಂಬಳದ ಬಜೆಟ್ಟಿನಲ್ಲೇ ಸೇರಿಸಿ ಲೆಕ್ಕ ಹಾಕುತ್ತವೆ. ಆ ಲೆಕ್ಕದ ಹಾಳೆ ನಾನು ದಿನಾ ನೋಡುತ್ತೇನೆ. ಸಂಬಳದ ದುಡ್ಡಿನಲ್ಲಿ ನೌಕರರು ಏನು ಕೊಂಡರೂ ಮಾಲೀಕರಿಗೆ ಪಾಪ ತಟ್ಟುವುದಿಲ್ಲ. ಪ್ರೀಮಿಯಂ ರೂಪದಲ್ಲಿ ಕೊಟ್ಟರೆ ಮಾತ್ರ ತಟ್ಟುತ್ತದೆಯೇ? ಇನ್ನೊಂದು ಕಡೆ, ಮಠವೋ ಚರ್ಚೋ ತನ್ನ ಬೋಧನೆಗೆ ವಿರುದ್ಧವಾದದ್ದಕ್ಕೆ ನೇರವಾಗಿ ಚೆಕ್ ಬರೆಯಬೇಕು ಅಂದರೆ ಅದೂ ಸರಿ ಕಾಣುವುದಿಲ್ಲ. ಅದಕ್ಕೇ ಆ ನಡುದಾರಿ ನನಗೆ ಇಷ್ಟವಾಗಿತ್ತು. ಅದನ್ನು ಐಚ್ಛಿಕ ಮಾಡಿದ್ದು ತಪ್ಪು. ಹಾಬಿ ಲಾಬಿ ಕೇಸಿನ ಭಿನ್ನ ತೀರ್ಪಿನಲ್ಲಿ ಜಸ್ಟಿಸ್ ಗಿನ್ಸ್‌ಬರ್ಗ್ ಒಂದು ಮಾತು ಎತ್ತಿದ್ದರು. ಕನಿಷ್ಠ ಕೂಲಿಯವಳಿಗೆ ವಂಕಿಯ ಖರ್ಚು ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಧರ್ಮದ ಚರ್ಚೆಯಲ್ಲಿ ಈ ಲೆಕ್ಕ ಬೇಗ ಮರೆತುಹೋಗುತ್ತದೆ.

ಪ್ಲಾನ್‌ನಲ್ಲಿ ಇಲ್ಲವೇ ಇಲ್ಲ ಎಂದಾದರೆ ದಾರಿಗಳು ಕಡಿಮೆ, ಆದರೆ ಇವೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಓಪನ್ ಎನ್‌ರೋಲ್‌ಮೆಂಟ್‌ನಲ್ಲಿ (ವರ್ಷಕ್ಕೊಮ್ಮೆ ಪ್ಲಾನ್ ಬದಲಾಯಿಸಲು ಬಿಡುವ ಅವಧಿ) ಇನ್ನೊಬ್ಬರ ಪ್ಲಾನಿಗೆ ಬದಲಾಯಿಸಿ. ಓಪಿಲ್ ಅನ್ನುವ ಗುಳಿಗೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಡಾಕ್ಟರ್ ಚೀಟಿ ಬೇಕಿಲ್ಲ, ಅಂಗಡಿಗೆ ಬಂದಾಗ ತಿಂಗಳಿಗೆ ಸುಮಾರು 20 ಡಾಲರ್ ಬೆಲೆ ಇತ್ತು. ಎಚ್‌ಎಸ್‌ಎ (ಆರೋಗ್ಯದ ಖರ್ಚಿಗೆ ತೆರಿಗೆಯಿಲ್ಲದೆ ಉಳಿಸುವ ಖಾತೆ) ಇದ್ದರೆ ಆ ದುಡ್ಡಿನಲ್ಲೇ ಕೊಳ್ಳಬಹುದು. ಟೈಟಲ್ ಟೆನ್ ಅನ್ನುವ ಫೆಡರಲ್ ಕುಟುಂಬ ಯೋಜನೆ ಅನುದಾನ ಪಡೆಯುವ ಕ್ಲಿನಿಕ್‌ಗಳಲ್ಲಿ ಆದಾಯ ನೋಡಿ ಶುಲ್ಕ ತೆಗೆದುಕೊಳ್ಳುತ್ತಾರೆ. ಮಕ್ಕಳು ಸಾಕು ಎಂದು ಗಂಡಸರು ಆಪರೇಷನ್ ಮಾಡಿಸಿಕೊಳ್ಳಲು ಹೊರಟರೆ ಒಂದು ಮಾತು ನೆನಪಿರಲಿ. ಫೆಡರಲ್ ಕಾನೂನಿನ ಫ್ರೀ ಪಟ್ಟಿ ಹೆಂಗಸರದ್ದು ಮಾತ್ರ. ಗಂಡಸರ ಆ ಆಪರೇಷನ್, ಅಂದರೆ ವ್ಯಾಸೆಕ್ಟಮಿ, ಅದರಲ್ಲಿ ಇಲ್ಲ. ಮಾಲೀಕರಿಗೆ ಯಾವ ಧಾರ್ಮಿಕ ತಕರಾರು ಇಲ್ಲದಿದ್ದರೂ ಬಿಲ್ ಬರಬಹುದು, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.