ರಿಂಗ್ ಬುಡದಿಂದ ದೂರ ಸರಿಯುವ ಎತ್ತರದ ಆಟಗಾರರು

ಏಳಡಿ ಎತ್ತರದ ಬಾಸ್ಕೆಟ್‌ಬಾಲ್ ಆಟಗಾರನ ಪಾಯಿಂಟ್ ಇಳಿಯಲು ಶುರುವಾದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ವಯಸ್ಸಾಯ್ತು, ಇನ್ನು ಸಾಕು. ನಮ್ಮ ಕಾಸರಗೋಡಿನಲ್ಲಿ ಕಬಡ್ಡಿ, ಫುಟ್‌ಬಾಲ್, ವಾಲಿಬಾಲ್ ನೋಡುವವರೇ ಜಾಸ್ತಿ. ಆದರೂ ಬೆಳಿಗ್ಗೆ ಬೇಗ ಎದ್ದು ಫೋನಿನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಹುಡುಗರು ಇಲ್ಲೂ ಇದ್ದಾರೆ. ಅವರೂ ಇದನ್ನೇ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಮಾತ್ರ ನಿಜ ಇದೆ. ರಿಂಗ್ ಹತ್ತಿರ ಆಡುವವನು ಶಾಟ್ ಹಾಕುವ ಕೈಚಳಕ ಕಳೆದುಕೊಳ್ಳುವುದು ಕೊನೆಗೆ. ಅದಕ್ಕಿಂತ ಮೊದಲು ಅವನು ನಿಲ್ಲುವ ಜಾಗ ಹೋಗಿರುತ್ತದೆ. ಆ ಜಾಗ ಹೋಗಿದ್ದರಲ್ಲಿ ವಯಸ್ಸಿನ ಪಾಲೂ ಇದೆ, ಎಪ್ಪತ್ತು ವರ್ಷಗಳಿಂದ ಬದಲಾಗುತ್ತಾ ಬಂದ ನಿಯಮಗಳ ಪಾಲೂ ಇದೆ.

ಲೋ ಪೋಸ್ಟ್ ಅಂದರೆ ರಿಂಗ್‌ನ ಎಡಕ್ಕೋ ಬಲಕ್ಕೋ, ಪೇಂಟ್‌ನ (ರಿಂಗ್ ಎದುರಿನ ಬಣ್ಣ ಬಳಿದ ಜಾಗ) ಗೆರೆಗೆ ತಾಗಿದಂತೆ, ಬೇಸ್‌ಲೈನ್ (ರಿಂಗ್ ಹಿಂದಿನ ಅಂಚುಗೆರೆ) ಹತ್ತಿರದ ಜಾಗ. ಅಲ್ಲಿ ರಿಂಗ್‌ಗೆ ಬೆನ್ನು ಹಾಕಿ ನಿಲ್ಲಬೇಕು. ಹಿಂದಿನಿಂದ ಎದುರಾಳಿ ಮುಂಗೈ ಒತ್ತಿ ತಳ್ಳುತ್ತಲೇ ಇರುತ್ತಾನೆ. ಮೊಣಕಾಲು ಬಗ್ಗಿಸಿ, ಸೊಂಟ ಇಳಿಸಿ, ಅವನನ್ನು ಬೆನ್ನಲ್ಲೇ ತಡೆದು ಚೆಂಡು ಕೇಳಬೇಕು. ಚೆಂಡು ಸಿಕ್ಕ ಮೇಲೆ ತಿರುಗಿ ಹುಕ್ (ಒಂದೇ ಕೈಯಲ್ಲಿ ತಲೆಯ ಮೇಲಿಂದ ಬಿಡುವ ಶಾಟ್) ಹಾಕಲು ಒಂದು ಸೆಕೆಂಡ್ ಸಾಕು. ಕಷ್ಟದ ಕೆಲಸವೆಲ್ಲ ಅದಕ್ಕೂ ಮೊದಲೇ ಮುಗಿದಿರುತ್ತದೆ. ಪೇಂಟ್ ಒಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಹಾಗಾಗಿ ಗೆರೆಯ ಹೊರಗೆ ಕಾಯಬೇಕು. ಆ ಗೆರೆ ಎಲ್ಲಿದೆ ಅನ್ನುವುದರ ಮೇಲೆ ಇವನ ಹೊಟ್ಟೆಪಾಡು.

ಗೆರೆ ಮೊದಲು ಜರುಗಿದ್ದು ಜಾರ್ಜ್ ಮೈಕನ್ ಕಾಲದಲ್ಲಿ. ದಪ್ಪ ಕನ್ನಡಕದ, 6 ಅಡಿ 10 ಇಂಚಿನ ಮೈಕನ್ ಮಿನಿಯಾಪೊಲಿಸ್ ಲೇಕರ್ಸ್ ತಂಡದಲ್ಲಿದ್ದರು. ಆಗ ಪೇಂಟ್‌ನ ಅಗಲ ಬರೀ 6 ಅಡಿ. ಗೆರೆಯಾಚೆ ನಿಂತರೂ ರಿಂಗ್ ಮೂರಡಿ ಪಕ್ಕದಲ್ಲೇ! 1950–51ರಲ್ಲಿ ಅವರು ಪಂದ್ಯಕ್ಕೆ ಸರಾಸರಿ 28.4 ಪಾಯಿಂಟ್ ಹಾಕಿದರು. ಉಳಿದ ತಂಡಗಳಿಗೆ ಸಾಕುಸಾಕಾಯಿತು. 1951ರಲ್ಲಿ ಪೇಂಟನ್ನು 12 ಅಡಿಗೆ ಅಗಲ ಮಾಡಿದರು. ಮುಂದಿನ ಸೀಸನ್‌ನಲ್ಲಿ ಮೈಕನ್ ಸರಾಸರಿ 23.8ಕ್ಕೆ ಬಂತು. ಆಗ ಅವರಿಗೆ 27 ವರ್ಷ. ಇದಕ್ಕೆ ವಯಸ್ಸಿನ ಮೇಲೆ ಗೂಬೆ ಕೂರಿಸಲು ಆಗುತ್ತಾ? 1964ರಲ್ಲಿ, ವಿಲ್ಟ್ ಚೇಂಬರ್‌ಲೇನ್ ಆಡುತ್ತಿದ್ದಾಗ, ಪೇಂಟ್ ಮತ್ತೆ ಅಗಲವಾಗಿ 16 ಅಡಿ ಆಯಿತು. ಎನ್‌ಬಿಎಯಲ್ಲಿ ಈಗಲೂ ಅಷ್ಟೇ ಇದೆ.

ವಯಸ್ಸಿನ ವಿಷಯಕ್ಕೆ ಬಂದರೆ ಕರೀಮ್ ಅಬ್ದುಲ್-ಜಬ್ಬಾರ್ ಅವರ ಕೊನೆಯ ವರ್ಷಗಳನ್ನು ನಿಧಾನವಾಗಿ ನೋಡಬೇಕು. 1985ರ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಬಾಸ್ಟನ್ ತಂಡ ಲೇಕರ್ಸ್ ವಿರುದ್ಧ 148–114ರಿಂದ ಗೆದ್ದಿತು. ಲೇಕರ್ಸ್‌ನ 38 ವರ್ಷದ ಕರೀಮ್‌ಗೆ ಸಿಕ್ಕಿದ್ದು 12 ಪಾಯಿಂಟ್, 3 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು). ಅವರ ಕಥೆ ಮುಗಿಯಿತು ಅಂದುಕೊಂಡವರಿಗೆ ಎರಡನೇ ಪಂದ್ಯದಲ್ಲೇ ಉತ್ತರ ಸಿಕ್ಕಿತು: 30 ಪಾಯಿಂಟ್, 17 ರಿಬೌಂಡ್. ಲೇಕರ್ಸ್ ಆ ಸಲ ಟ್ರೋಫಿ ಗೆದ್ದಿತು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ನಂತರದ ಇಳಿಕೆ ನೋಡಿ. 1985–86ರಲ್ಲಿ ಸರಾಸರಿ 23.4. ಮುಂದಿನ ವರ್ಷ 17.5. ಆಮೇಲೆ 14.6. ಕೊನೆಯ ಸೀಸನ್, 1988–89ರಲ್ಲಿ 10.1. ಮೇಲಿಂದ ನೋಡಿದರೆ ಒಂದೇ ಸಮನೆ ಇಳಿದಂತೆ ಕಾಣುತ್ತದೆ. ಆದರೆ 23.4ರಿಂದ 17.5ಕ್ಕೆ ಬಿದ್ದಾಗ ಅವರ ಶಾಟ್‌ಗಳ ಯಶಸ್ಸು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಎರಡೂ ವರ್ಷ ನೂರಕ್ಕೆ 56ಕ್ಕಿಂತ ಹೆಚ್ಚು ಶಾಟ್ ಒಳಗೇ ಹೋದವು. ಬದಲಾಗಿದ್ದು ತಂಡದ ಯೋಚನೆ. 1986ರಲ್ಲಿ ಹಕೀಮ್ ಒಲಾಜುವಾನ್, ರಾಲ್ಫ್ ಸ್ಯಾಂಪ್ಸನ್ ಇದ್ದ ಹ್ಯೂಸ್ಟನ್ ಎದುರು ಸೋತ ಮೇಲೆ ಕೋಚ್ ಪ್ಯಾಟ್ ರೈಲಿ ಸ್ಕೋರಿಂಗ್ ಜವಾಬ್ದಾರಿಯನ್ನು ಮ್ಯಾಜಿಕ್ ಜಾನ್ಸನ್‌ಗೆ ಕೊಟ್ಟರು. ಕರೀಮ್ ಕೈಗೆ ಚೆಂಡು ಬರುವುದು ಕಡಿಮೆಯಾಯಿತು. ನಿಜವಾದ ಇಳಿಕೆ ಬಂದದ್ದು ಕೊನೆಗೆ, 41 ದಾಟಿದ ಮೇಲೆ. ಆಗ ಶಾಟ್‌ಗಳ ಯಶಸ್ಸು ನೂರಕ್ಕೆ 47ರ ಹತ್ತಿರ ಬಂತು, ರಿಬೌಂಡ್ 4.5ಕ್ಕೆ ಇಳಿಯಿತು. ರಿಬೌಂಡ್ ಹಿಡಿಯಲೂ ಜಾಗ ಹಿಡಿದು ನಿಲ್ಲಬೇಕು ಅಲ್ವಾ. ಎರಡೂ ಒಟ್ಟಿಗೆ ಬಿದ್ದವು ಅಂದರೆ ಕಾಲು ಜಾಗ ಬಿಟ್ಟುಕೊಡುತ್ತಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ಅವರು 42ರವರೆಗೆ ಆಡಿದ್ದು ಸ್ಕೈಹುಕ್ ಬಲದಿಂದ. ಎದುರಾಳಿಗೆ ಭುಜ ಕೊಟ್ಟು, ಚೆಂಡನ್ನು ದೂರದ ಕೈಯಲ್ಲಿ ಎತ್ತಿ, ತಲೆಯ ಮೇಲಿಂದ ಬಿಡುವ ಶಾಟ್ ಅದು. ಜಾಸ್ತಿ ಹಾರಬೇಕಿಲ್ಲ. ಮೈಕನ್ ಹೆಸರಿನ ಡ್ರಿಲ್ ಇಂದಿಗೂ ಇದೆ: ರಿಂಗ್ ಕೆಳಗೆ ನಿಂತು ಒಮ್ಮೆ ಬಲಗೈ, ಒಮ್ಮೆ ಎಡಗೈ, ಚೆಂಡು ನೆಲಕ್ಕೆ ಬೀಳದ ಹಾಗೆ ಹಾಕುತ್ತಾ ಹೋಗುವುದು. ಕರೀಮ್ ಚಿಕ್ಕಂದಿನಲ್ಲಿ ಕಲಿತದ್ದೂ ಇದನ್ನೇ.

ಕುಂಬಳೆ ಕಡೆಯ ಒಂದು ಶಾಲೆಯ ಸಿಮೆಂಟ್ ಕೋರ್ಟ್‌ನಲ್ಲಿ ಈ ಡ್ರಿಲ್ ಕಲಿಸುತ್ತಿದ್ದ ಪಿ.ಟಿ. ಮಾಷ್ಟ್ರು ಒಬ್ಬರು ಈಗ ನಿವೃತ್ತರು. ಮಳೆಗಾಲ ಬಿಟ್ಟರೆ ಉಳಿದ ದಿನಗಳಲ್ಲಿ ಸಂಜೆ ಕಾಲೇಜು ಹುಡುಗರ ಜೊತೆ ಆಡಲು ಬರುತ್ತಾರೆ. ಆರಡಿಗೆ ಮೇಲಿದ್ದಾರೆ, ಎರಡೂ ಮೊಣಕಾಲಿಗೆ ಪಟ್ಟಿ. ಮೊದಲ ಆಟದಲ್ಲಿ ಗೆರೆಯ ಮೇಲೆಯೇ ಚೆಂಡು ಹಿಡಿಯುತ್ತಾರೆ. ಬೋರ್ಡ್‌ಗೆ ತಾಗಿಸಿ ಹುಕ್ ಹಾಕಿದರೆ ಬೀಳುವುದೇ. ಮೂರನೇ ಆಟದ ಹೊತ್ತಿಗೆ ಹುಡುಗರು ಅವರನ್ನು ಎರಡು ಹೆಜ್ಜೆ ಹೊರಗೆ ತಳ್ಳಿರುತ್ತಾರೆ. ಅದೇ ಕೈ, ಅದೇ ತಿರುವು, ಆದರೆ ಚೆಂಡು ರಿಂಗ್‌ನ ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತದೆ. ಕೈಗೆ ಏನೂ ಆಗಿಲ್ಲ, ಕಾಲು ನಿಲ್ಲುವುದಿಲ್ಲ ಅನ್ನುತ್ತಾರೆ ಅವರು. ಇಡೀ ವಿಷಯ ಇಷ್ಟೇ.

ನಮ್ಮ ಕಡೆಯ ಕೋರ್ಟ್‌ಗಳ ಗೆರೆಗೂ ಒಂದು ಚರಿತ್ರೆ ಇದೆ. ಇಲ್ಲಿ ನಡೆಯುವುದು ಎನ್‌ಬಿಎ ಅಳತೆ ಅಲ್ಲ, ಅಂತಾರಾಷ್ಟ್ರೀಯ ಒಕ್ಕೂಟ ಫಿಬಾದ ಅಳತೆ. 1956ರಿಂದ 2010ರವರೆಗೆ ಫಿಬಾ ಪೇಂಟ್ ಕೆಳಗೆ ಅಗಲ, ಮೇಲೆ ಕಿರಿದಾಗಿತ್ತು. ಬೇಸ್‌ಲೈನ್‌ನಲ್ಲಿ ಅಗಲ 6 ಮೀಟರ್. ಅಂದರೆ ಎತ್ತರದವನು ಪೇಂಟ್‌ನ ನಡುವಿನಿಂದ 3 ಮೀಟರ್ ಆಚೆ ನಿಲ್ಲಬೇಕಿತ್ತು. ಅಗಲ ಹೆಚ್ಚಿದ್ದದ್ದು ಅವನು ನಿಲ್ಲುವ ಕಡೆಯಲ್ಲೇ. 2010ರಲ್ಲಿ ಅದು 4.9 ಮೀಟರ್‌ನ ನೇರ ಆಯತವಾಯಿತು, ಅರ್ಧ ಮೀಟರ್ ಹತ್ತಿರ ಬರಲು ಅವಕಾಶ ಸಿಕ್ಕಿತು. ಹಳೆ ಕೋರ್ಟ್‌ಗಳಲ್ಲಿ ಹೊಸ ಬಣ್ಣದ ಅಡಿಯಲ್ಲಿ ಆ ಓರೆ ಗೆರೆ ಇನ್ನೂ ಕಾಣುತ್ತದೆ. ಫಿಬಾ ಆಟದಲ್ಲಿ ಇನ್ನೊಂದು ತೊಂದರೆಯೂ ಇದೆ. ರಕ್ಷಣೆ ಮಾಡುವವನು ಪೇಂಟ್ ನಡುವೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಎನ್‌ಬಿಎಯಲ್ಲಿ ಅವನಿಗೂ ಮೂರು ಸೆಕೆಂಡಿನ ಮಿತಿ ಇದೆ.

ಆ ಮಿತಿ ಬಂದದ್ದು 2001ರಲ್ಲಿ. ಅದರ ಜೊತೆಗೇ ಝೋನ್ ಡಿಫೆನ್ಸ್‌ಗೂ, ಅಂದರೆ ಒಬ್ಬ ಎದುರಾಳಿಯ ಬದಲು ಒಂದು ಜಾಗವನ್ನು ಕಾಯುವ ರಕ್ಷಣೆಗೂ, ಒಪ್ಪಿಗೆ ಸಿಕ್ಕಿತು. ಅದಕ್ಕೂ ಮುಂಚೆ ಎನ್‌ಬಿಎಯಲ್ಲಿ ಪ್ರತಿಯೊಬ್ಬನೂ ತನ್ನ ಎದುರಾಳಿಯನ್ನೇ ಕಾಯಬೇಕಿತ್ತು. ಶಕೀಲ್ ಓ'ನೀಲ್ ಅಂಥವರಿಗೆ ಚೆಂಡು ಕೊಟ್ಟು ಉಳಿದವರು ಬದಿಗೆ ಸರಿದರೆ ಅವರು ಒಬ್ಬನ ಜೊತೆ ಗುದ್ದಾಡಿ ಗೆಲ್ಲುತ್ತಿದ್ದರು. ಝೋನ್ ಬಂದ ಮೇಲೆ ಚೆಂಡು ಬರುವ ದಾರಿಯಲ್ಲೇ ಒಬ್ಬ ಅಡ್ಡ ನಿಲ್ಲಬಹುದಾಯಿತು, ಹಿಂದೆ ಇನ್ನೊಬ್ಬ. ಅದಕ್ಕೂ ಎರಡು ವರ್ಷ ಮುಂಚೆ, ಬೆನ್ನು ಹಾಕಿ ಐದು ಸೆಕೆಂಡಿಗಿಂತ ಹೆಚ್ಚು ತಳ್ಳಿಕೊಂಡು ಹೋಗುವಂತಿಲ್ಲ ಎಂಬ ನಿಯಮವೂ ಬಂದಿತ್ತು. ಕಬಡ್ಡಿ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಮಣ್ಣಿನ ಅಂಕಣ ಹೋಗಿ ಮ್ಯಾಟ್ ಬಂದಾಗ ಹಳಬರು ಕಾಲೂರುವುದನ್ನೇ ಹೊಸದಾಗಿ ಕಲಿಯಬೇಕಾಯಿತು.

ಮೂರು ಪಾಯಿಂಟ್ ಗೆರೆ ಎನ್‌ಬಿಎಗೆ 1979ರಲ್ಲಿ ಬಂತು; ಅದರಾಚೆಯಿಂದ ಹಾಕಿದ ಶಾಟ್‌ಗೆ ಎರಡರ ಬದಲು ಮೂರು ಪಾಯಿಂಟ್. ಫಿಬಾ ಅದನ್ನು ತಂದದ್ದು 1984ರಲ್ಲಿ, ಕಾಸರಗೋಡು ಜಿಲ್ಲೆಯಾದ ವರ್ಷವೇ. ಅದರ ಪೂರ್ತಿ ಪರಿಣಾಮ ಕಾಣಲು ಮೂವತ್ತು ವರ್ಷ ಬೇಕಾಯಿತು. ಲೆಕ್ಕ ಸರಳ. ದೂರದಿಂದ ಹತ್ತರಲ್ಲಿ ನಾಲ್ಕು ಹಾಕಿದರೆ 12 ಪಾಯಿಂಟ್. ರಿಂಗ್ ಪಕ್ಕದಲ್ಲಿ ಗುದ್ದಾಡಿ ಹತ್ತರಲ್ಲಿ ಐದು ಹಾಕಿದರೂ ಹತ್ತೇ. ಇಂಥಾ ಲೆಕ್ಕ ನೋಡುವ ಕೋಚ್ ವಯಸ್ಸಾದವನಿಗೆ ಪೋಸ್ಟ್‌ನಲ್ಲಿ ಯಾಕೆ ಚೆಂಡು ಕೊಡಿಸುತ್ತಾನೆ?

ಕೆಲವರು ಹೊರಗೆ ಹೋಗಿ ಬದುಕಿಕೊಂಡರು. ಬ್ರೂಕ್ ಲೋಪೆಜ್ ಮೊದಲ ಎಂಟು ಸೀಸನ್‌ಗಳಲ್ಲಿ ಹಾಕಿದ ಮೂರು ಪಾಯಿಂಟ್ ಶಾಟ್ ಬರೀ 3. 2016–17ರ ಒಂದೇ ಸೀಸನ್‌ನಲ್ಲಿ 134. 2021ರಲ್ಲಿ, 33ನೇ ವಯಸ್ಸಿನಲ್ಲಿ, ಮಿಲ್ವಾಕಿ ತಂಡದೊಂದಿಗೆ ಚಾಂಪಿಯನ್ ಆದರು. ನನಗೆ ಮೆಚ್ಚುಗೆಯಾಗುವುದು ಟಿಮ್ ಡಂಕನ್ ದಾರಿ. ಅವರು ಗೆರೆಯಾಚೆ ಓಡಲಿಲ್ಲ. ಬೋರ್ಡ್‌ಗೆ ತಾಗಿಸುವ ತಮ್ಮ ಹಳೆ ಶಾಟ್ ಉಳಿಸಿಕೊಂಡು, ಆಡುವ ನಿಮಿಷ ಕಡಿಮೆ ಮಾಡಿ, ಸ್ಕ್ರೀನ್ ನಿಲ್ಲಿಸುವುದು (ಜೊತೆಗಾರನಿಗೆ ದಾರಿಯಾಗಲೆಂದು ಎದುರಾಳಿಗೆ ಅಡ್ಡ ನಿಲ್ಲುವುದು), ಪಾಸ್ ಕೊಡುವುದು, ರಕ್ಷಣೆ ಮಾಡುವುದರ ಕಡೆ ಹೆಚ್ಚು ಗಮನ ಕೊಟ್ಟರು. ಕೊನೆಯ ಸೀಸನ್, 2015–16ರಲ್ಲಿ ಅವರ ಸರಾಸರಿ 8.6 ಪಾಯಿಂಟ್. ಅವರ ಸ್ಯಾನ್ ಆಂಟೋನಿಯೊ ತಂಡ ಆ ವರ್ಷ 82 ಪಂದ್ಯಗಳಲ್ಲಿ 67 ಗೆದ್ದಿತು.