ಬ್ಯಾಂಕ್ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಏನು ಓದಿಕೊಂಡು ಹೋಗಬೇಕು?

ಪ್ರಶ್ನೆ: ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮೂರಿನ ಬ್ಯಾಂಕ್ ಶಾಖೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಮುಂದಿನ ವಾರ ಸಂದರ್ಶನ ಇದೆ. ಅನುಭವ ಏನೂ ಇಲ್ಲ, ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಹೇಗೆ ತಯಾರಾಗಲಿ?

ಉತ್ತರ: ಅನುಭವ ಇಲ್ಲ ಅನ್ನುವುದು ಎದುರು ಕೂತವರಿಗೂ ಗೊತ್ತಿರುತ್ತದೆ. ಅದಕ್ಕೆ ಹೆದರಬೇಡಿ. ಅವರ ಯೋಚನೆ ಬೇರೆ: ಇವರನ್ನು ನಂಬಿ ಕೌಂಟರಿನ ಒಳಗೆ ಕೂರಿಸಬಹುದಾ? ಒಳಗೆ ಬಂದವರ ಕಣ್ಣಿಗೆ ಊರವರ ಖಾತೆ, ಸಾಲ, ಸಹಿ ಎಲ್ಲವೂ ಬೀಳುತ್ತವೆ. ಹಾಗಾಗಿ ಇಂಥ ಪ್ರಶ್ನೆ ಬರಬಹುದು: "ಪಕ್ಕದ ಮನೆಯವರು ಬಂದು, ನನ್ನ ತಮ್ಮನ ಖಾತೆಯಲ್ಲಿ ಎಷ್ಟಿದೆ ನೋಡಿ ಹೇಳಿ ಅಂದರೆ ಏನು ಮಾಡ್ತೀರಿ?" ಗುರುತಿನವರು, ಸುಮ್ನೆ ಕೇಳ್ತಿದ್ದಾರೆ ಅಂತ ಹೇಳುವ ಹಾಗಿಲ್ಲ. ಖಾತೆದಾರರೇ ಬರಬೇಕು ಎಂದು ಸಮಾಧಾನವಾಗಿ ಹೇಳಿ, ಆಫೀಸರ್ ಹತ್ತಿರ ಕಳಿಸುತ್ತೇನೆ ಅನ್ನಿ. ನನ್ನ ಮಟ್ಟಿಗೆ ಇಡೀ ಸಂದರ್ಶನದಲ್ಲಿ ಇದೇ ದೊಡ್ಡ ಪ್ರಶ್ನೆ.

ಓದುವುದಕ್ಕೆ ದಪ್ಪ ಪುಸ್ತಕ ಬೇಡ. ಮನೆಯಲ್ಲಿರುವ ಒಂದು ಚೆಕ್ ಹಾಳೆ ಮುಂದಿಟ್ಟುಕೊಳ್ಳಿ. ಅದರ ಮೇಲೆ ಹಾಕಿದ ತಾರೀಖಿನಿಂದ 3 ತಿಂಗಳು ಮಾತ್ರ ಅದು ನಡೆಯುತ್ತದೆ. ಎಡಗಡೆ ಮೂಲೆಯಲ್ಲಿ ಎರಡು ಗೆರೆ ಎಳೆದರೆ ಅದು ಕ್ರಾಸ್ ಮಾಡಿದ ಚೆಕ್. ಕೌಂಟರಿನಲ್ಲಿ ನಗದು ಕೊಡುವುದಿಲ್ಲ, ಖಾತೆಗೇ ಜಮಾ ಆಗಬೇಕು. ಅಂಕಿಯಲ್ಲಿ 15,000 ಇದ್ದು ಅಕ್ಷರದಲ್ಲಿ "ಐದು ಸಾವಿರ" ಇದ್ದರೆ? 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಪ್ರಕಾರ ಅಕ್ಷರದಲ್ಲಿ ಬರೆದ ಮೊತ್ತವೇ ಲೆಕ್ಕಕ್ಕೆ. ಆದರೆ ಶಾಖೆಯಲ್ಲಿ ಸಾಮಾನ್ಯವಾಗಿ ಅಂಥ ಚೆಕ್ ವಾಪಸ್ ಹೋಗುತ್ತದೆ. ಕಾಯ್ದೆ ಏನು, ರೂಢಿ ಏನು ಅಂತ ಎರಡನ್ನೂ ಹೇಳಿದರೆ ಕೇಳಿದವರಿಗೆ ಖುಷಿಯಾಗುತ್ತದೆ.

ಎನ್‌ಪಿಎ (ನಾನ್ ಪರ್ಫಾರ್ಮಿಂಗ್ ಅಸೆಟ್) ಅಂದರೇನು ಅಂತಲೂ ಕೇಳುತ್ತಾರೆ. ಸಾಲದ ಕಂತು ಅಥವಾ ಬಡ್ಡಿ 90 ದಿನಕ್ಕಿಂತ ಜಾಸ್ತಿ ಸುಸ್ತಿಯಾದರೆ ಆ ಸಾಲ ಎನ್‌ಪಿಎ. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಬೆಳೆ ಸಾಲಕ್ಕೆ ಲೆಕ್ಕ ಬೇರೆ. ರಾಗಿ, ಜೋಳದಂಥ ಬೇಗ ಕೊಯ್ಲಿಗೆ ಬರುವ ಬೆಳೆಗೆ ಎರಡು ಹಂಗಾಮು ಬಾಕಿ ಉಳಿದ ಮೇಲೆಯೇ ಎನ್‌ಪಿಎ. ರೈತನ ಕೈಗೆ ದುಡ್ಡು ಬರುವುದು ತಿಂಗಳು ತಿಂಗಳು ಅಲ್ಲ, ಬೆಳೆ ಬಂದಾಗ, ಅಲ್ವಾ? ಹಳ್ಳಿ ಕಡೆಯ ಶಾಖೆಯಾದರೆ ಇದನ್ನು ತಪ್ಪದೆ ಹೇಳಿ.

"ನಮ್ಮ ಬ್ಯಾಂಕೇ ಯಾಕೆ?" ಅಂದಾಗ ಹೊಗಳಲು ಹೋಗಬೇಡಿ. ಒಂದು ನಿಜವಾದ ವಿಷಯ ತಿಳಿದಿರಲಿ. ಉದಾಹರಣೆಗೆ, ಕೆನರಾ ಬ್ಯಾಂಕ್ ಶುರುವಾದದ್ದು 1906ರಲ್ಲಿ, ಮಂಗಳೂರಿನಲ್ಲಿ, ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಅದರಲ್ಲಿ ವಿಲೀನವಾಯಿತು. ದಿನಾ ಮನೆಬಾಗಿಲಿಗೆ ಬಂದು ಚಿಲ್ಲರೆ ದುಡ್ಡು ಕಟ್ಟಿಸಿಕೊಳ್ಳುವ ಪಿಗ್ಮಿಯನ್ನು 1928ರಲ್ಲಿ ಶುರು ಮಾಡಿದ್ದು ಆ ಸಿಂಡಿಕೇಟ್ ಬ್ಯಾಂಕೇ. ನಿಮ್ಮ ಅಜ್ಜಿಯೋ ಅಮ್ಮನೋ ಪಿಗ್ಮಿ ಕಟ್ಟಿದ್ದರೆ ಅದನ್ನೇ ಹೇಳಿ.

ಇಂಗ್ಲಿಷ್ ವಿಷಯ. ಚಲನ್ ತುಂಬಲು ಬಾರದ ಅಜ್ಜನ ಹತ್ತಿರ ಕನ್ನಡದಲ್ಲಿ ತಾಳ್ಮೆಯಿಂದ ಮಾತಾಡುವವರು ಶಾಖೆಗೆ ಬೇಕೇ ಬೇಕು. ನಿಮ್ಮ ಪರಿಚಯವನ್ನು ನಾಲ್ಕು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಲು ಕಲಿತುಕೊಳ್ಳಿ. ಮುಂದೆ ತಡವರಿಸಿದರೆ, ಕನ್ನಡದಲ್ಲಿ ಹೇಳಬಹುದಾ ಎಂದು ಧೈರ್ಯವಾಗಿ ಕೇಳಿ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ದುಡ್ಡಿನ ಜಾಗದಲ್ಲಿ ಊಹೆ ಮಾಡಿ ಉತ್ತರ ಕೊಡುವವರನ್ನು ಕಂಡರೆ ಮ್ಯಾನೇಜರಿಗೆ ಭಯ.

ಈ ವಾರ ಒಂದು ದಿನ ಬೆಳಗ್ಗೆ ಅದೇ ಶಾಖೆಗೆ ಹೋಗಿ, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಅರ್ಧ ಗಂಟೆ ಬೆಂಚಿನ ಮೇಲೆ ಕೂತು ನೋಡಿ. ಯಾವ ಕೌಂಟರಿನ ಮುಂದೆ ಸಾಲು ಉದ್ದ ಇದೆ, ಜನ ಏನು ಕೇಳುತ್ತಿದ್ದಾರೆ? ಸಂದರ್ಶನದ ಕೊನೆಗೆ "ನೀವೇನಾದರೂ ಕೇಳಬೇಕಾ?" ಅಂದಾಗ, ಅಲ್ಲಿ ಕಂಡದ್ದನ್ನೇ ಕೇಳಿ.